ಎರಡು ಗೋಡೆಗಳ ನಡುವೆ ಸಂಪರ್ಕ ಉಳಿಸಿಕೊಂಡ ನನ್ನ ಅನುಭವ

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಚೀನಾದ ಆಟೊಮ್ಯಾಟಿಕ್ ರೀಲಿಂಗ್ ಯಂತ್ರ ಇಟ್ಟುಕೊಂಡಿರುವ ರೀಲರ್‌ಗಳಿಗೆ ಬಿಡಿಭಾಗಗಳ ತಾಪತ್ರಯ ಹೊಸದಲ್ಲ. ಚೀನಾದ ಹಾಂಗ್‌ಝೌನಲ್ಲಿ ಕುಳಿತು ಊರಿನ ಘಟಕದೊಡನೆ ದಿನವೂ ಮಾತನಾಡಿ ಯಂತ್ರ ಸರಿಪಡಿಸಬಹುದು ಎಂದು ನಾನು ಹೇಳಿದಾಗ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬರೂ ನಂಬಲಿಲ್ಲ. ಎರಡನೆಯ ಪ್ರಯಾಣದಲ್ಲಿ ಅದನ್ನು ಸಾಧಿಸಿದ್ದೇನೆ.

ಮೊದಲ ಪ್ರಯಾಣ 2024ರ ಮೇ ಕೊನೆಯಲ್ಲಿ. ಅಲ್ಲಿ ಫೇಸ್‌ಬುಕ್ 2009ರಿಂದ, ವಾಟ್ಸ್ಆ್ಯಪ್ 2017ರಿಂದ ಮುಚ್ಚಿವೆ, ಜಿಮೇಲ್ ಕೂಡ ತೆರೆಯುವುದಿಲ್ಲ ಎಂದು ಗೊತ್ತಿದ್ದುದರಿಂದ ಸುಮಾರು 6,000 ರೂಪಾಯಿ ಕೊಟ್ಟು, ಮುಚ್ಚಿದ ತಾಣಗಳನ್ನು ಬಳಸುದಾರಿಯಲ್ಲಿ ತೆರೆಯುವ ಒಂದು ವಿಪಿಎನ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಎರಡು ದಿನ ಚೆನ್ನಾಗಿ ನಡೆಯಿತು. ಜೂನ್ 4, ಅಂದರೆ 1989ರ ತಿಯಾನನ್ಮೆನ್ ಹತ್ಯಾಕಾಂಡದ ದಿನ ಹತ್ತಿರವಾದಂತೆ ಅಲ್ಲಿ ಜಾಲದ ಕಾವಲು ಬಿಗಿಯಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರನೆಯ ದಿನ ಸಂಪರ್ಕ ಸತ್ತಿತು, ಮರಳಿ ಬರುವವರೆಗೂ ಜೀವ ಪಡೆಯಲಿಲ್ಲ. ಅತ್ತ ಘಟಕ ಎರಡು ದಿನ ನಿಂತು, ಕೂಲಿಯೂ ಸೇರಿ 40,000 ರೂಪಾಯಿಯಷ್ಟು ಕೈಬಿಟ್ಟಿತು.

ಎರಡನೆಯ ಸಲ ವಿಪಿಎನ್ ಗೊಡವೆಗೆ ಹೋಗದೆ, 4,000 ರೂಪಾಯಿ ಚಿಲ್ಲರೆಯ ರೋಮಿಂಗ್ ಪ್ಯಾಕ್ ಹಾಕಿಸಿ ಊರಿನ ಸಿಮ್ಮನ್ನೇ ಒಯ್ದೆ. ರೋಮಿಂಗ್ ಡೇಟಾ ನಮ್ಮ ದೇಶದ ಕಂಪನಿಯ ಮೂಲಕವೇ ಹಾಯುವುದರಿಂದ ವಾಟ್ಸ್ಆ್ಯಪ್ ತೆರೆಯಿತು. ಆದರೆ ಅಲ್ಲಿನ ಮೆಕ್ಯಾನಿಕ್ ಬಳಸುವ ಚೀನಾದ ಸಂದೇಶ ಆ್ಯಪ್ ವೀಚಾಟ್ ತೆರೆಯಲಿಲ್ಲ, ಏಕೆಂದರೆ 2020ರ ಜೂನ್ 29ರಂದು ನಮ್ಮ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಸಿಮ್ ಹಿಡಿದರೆ ನಮ್ಮ ಗೋಡೆ, ಹೋಟೆಲಿನ ವೈಫೈ ಹಿಡಿದರೆ ಅವರ ಗೋಡೆ. ಒಂದೇ ಕೋಣೆಯಲ್ಲಿ ಎರಡನ್ನೂ ಅನುಭವಿಸಿದೆ.

ಕೊನೆಗೆ ಕೈಹಿಡಿದದ್ದು ಎಲ್ಲರೂ ಮೂಗು ಮುರಿದಿದ್ದ ಇ-ಮೇಲ್. ಹೊರಡುವ ಮುನ್ನವೇ ವರ್ಷಕ್ಕೆ 2,500 ರೂಪಾಯಿಯಷ್ಟು ಕೊಟ್ಟು ಸ್ವಂತ ಡೊಮೇನ್ ಮತ್ತು ಅಂಚೆಪೆಟ್ಟಿಗೆ ಮಾಡಿಕೊಂಡಿದ್ದೆ. ಯಾರಿಗೂ ಗೊತ್ತಿಲ್ಲದ ಸಣ್ಣ ಸರ್ವರ್ ಆದುದರಿಂದ ಎರಡೂ ಕಡೆ ಅದನ್ನು ತಡೆದವರಿಲ್ಲ. ಮೆಕ್ಯಾನಿಕ್ ವರ್ಷಗಳಿಂದ ಮುಟ್ಟದೆ ಬಿಟ್ಟಿದ್ದ 163 ಎಂಬ ಚೀನೀ ಇ-ಮೇಲ್ ಸೇವೆಯ ಖಾತೆಯನ್ನು ಮತ್ತೆ ತೆರೆಸಿದೆ. ಮೊದಲ ನಾಲ್ಕು ಪತ್ರಗಳು ಸ್ಪ್ಯಾಮ್‌ಗೆ ಬಿದ್ದವು. ಐದನೆಯದು ನೇರವಾಗಿ ತಲುಪುವಂತೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಬಳಿಯೇ ಇರಲಿ.

ನಡುವೆ ಒಂದು ಸಂಜೆ ಹಾಂಗ್‌ಝೌನ ಪಶ್ಚಿಮ ಸರೋವರದ ದಡದಲ್ಲಿ ನಿಂತು ಊರಿನ ಸಿಮ್ಮಿನಲ್ಲಿ ಗೂಗಲ್ ಮ್ಯಾಪ್ ತೆರೆದೆ. ನನ್ನ ಚುಕ್ಕೆ ಸರೋವರದ ನೀರಿನಲ್ಲಿತ್ತು. ಅಲ್ಲಿನ ಕಾನೂನಿನ ಪ್ರಕಾರ ನಕ್ಷೆಗಳನ್ನು ಬೇಕೆಂದೇ ಪಕ್ಕಕ್ಕೆ ಸರಿಸಿರುತ್ತಾರೆ. ನಕ್ಷೆ ನೋಡಿ ಗೋದಾಮು ಹುಡುಕುವವರು ನೂರಾರು ಮೀಟರ್ ಹೆಚ್ಚುಕಡಿಮೆ ಆಗುತ್ತದೆಂದು ತಿಳಿದೇ ಹೋಗಬೇಕು.

ಮಾತು ಬೆಳೆದಾಗ, ಹೋದ ಸಲ ಜೂನ್‌ನಲ್ಲಿ ಸಂಪರ್ಕ ಏಕೆ ಸತ್ತಿತೆಂದು ಮೆಕ್ಯಾನಿಕ್‌ನನ್ನು ಕೇಳಿದೆ. ಆತ ತನ್ನ ಫೋನಿನಲ್ಲಿ ‘ಮೇ 35’ ಎಂದು ಒತ್ತಿ, ನನಗೆ ತೋರಿಸಿ, ಕಳುಹಿಸದೆ ಅಳಿಸಿದ. ಜೂನ್ 4 ಎಂದು ಬರೆಯಲಾಗದವರು ಮೇ ತಿಂಗಳನ್ನೇ ನಾಲ್ಕು ದಿನ ಹಿಗ್ಗಿಸಿದ್ದರು, ನಂತರ ಅದನ್ನೂ ತಡೆಯಲಾಯಿತು. ಆತನ ಹೆಬ್ಬೆರಳು ಅಳಿಸಿದ ವೇಗ ನನಗೆ ಇಂದಿಗೂ ಸಂಕಟ ತರುತ್ತದೆ. ಆಮೇಲೆ ನಾನು ಅಂಥ ಪ್ರಶ್ನೆ ಕೇಳಲಿಲ್ಲ, ಕೇಳಿದ್ದರೆ ಕಷ್ಟ ಆತನಿಗೆ.

ಊರಿನಲ್ಲಿ ನೂಲು ದಪ್ಪವಾಗಿ ಬರುತ್ತಿತ್ತು. ನೂಲಿನ ದಪ್ಪ ಅಳೆಯಲು ಅದು ಹಾಯುವ ಎರಡು ಗಾಜಿನ ಬಿಲ್ಲೆಗಳ ನಡುವಿನ ಸಂದು ಸವೆದು ಅಗಲವಾಗಿ, ನೂಲು ತೆಳುವಾಯಿತೆಂದು ಯಂತ್ರ ತಪ್ಪು ತಿಳಿದು ಹೊಸ ಗೂಡು ಬೇಗನೆ ಸೇರಿಸುತ್ತಿತ್ತು. ಸಂದು ಅಳೆಯುವ ವಿಧಾನವನ್ನು ಮೆಕ್ಯಾನಿಕ್ ವಿಡಿಯೊ ಮಾಡಿದ. ಅದನ್ನು 15 ಎಂಬಿಯೊಳಗಿನ ಐದು ತುಂಡುಗಳಾಗಿ ಕತ್ತರಿಸಿ ಆತನ ಖಾತೆಯಿಂದಲೇ ನನ್ನ ಪೆಟ್ಟಿಗೆಗೆ ತರಿಸಿಕೊಂಡೆ. ಊರಿನಲ್ಲಿ ತಮ್ಮ ಅದೇ ಪೆಟ್ಟಿಗೆ ತೆರೆದು ನೋಡಿ ಒಂದೊಂದೇ ಬಿಲ್ಲೆ ಬದಲಿಸಿದ. ಸಂಜೆ ಐದರ ಹೊತ್ತಿಗೆ ಆತನ ಉತ್ತರ ಬಂತು: “ಅಣ್ಣಾ, ನೂಲು ಸರಿಯಾಗಿ ಓಡ್ತಾ ಇದೆ.”