ಪುಟ್ಟ ದೋಣಿಗೆ ಟ್ರೋಲಿಂಗ್ ಮೋಟಾರ್ ಕೂರಿಸುವುದು ಹೇಗೆ

ಗಾಳ ಹಾಕಲು ಹೊಳೆಗೆ ಇಳಿಸುವ ಪುಟ್ಟ ಫೈಬರ್ ದೋಣಿಗೆ ಬ್ಯಾಟರಿಯ ಟ್ರೋಲಿಂಗ್ ಮೋಟಾರ್ (ನೀರೊಳಗೆ ಫ್ಯಾನ್ ತಿರುಗಿಸಿ ದೋಣಿ ತಳ್ಳುವ ಸಣ್ಣ ಮೋಟಾರ್) ಸಿಕ್ಕಿಸುವುದು ಐದು ನಿಮಿಷದ ಕೆಲಸ. ಎರಡು ಕ್ಲ್ಯಾಂಪ್ ಸ್ಕ್ರೂ, ಕೈಯಲ್ಲೇ ಬಿಗಿ ಮಾಡಬಹುದು. ಸಮಯ ಹಿಡಿಯುವುದು ಹಿಂಬದಿ ಹಲಗೆ, ವೈರ್ ಮತ್ತು ಬ್ಯಾಟರಿ.

ಮೊದಲು ಬಲದ ಲೆಕ್ಕ. ಈ ಮೋಟಾರ್‌ಗಳು ತಳ್ಳುವ ಬಲವನ್ನು ಪೌಂಡ್‌ನಲ್ಲಿ ಹೇಳುತ್ತವೆ. ದೋಣಿ, ಜನ, ಸಾಮಾನು ಎಲ್ಲ ಸೇರಿ ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್ ಬಲ ಬೇಕು. ಒಟ್ಟು 300 ಕೆಜಿ ಇದ್ದರೆ ಸುಮಾರು 13 ಪೌಂಡ್ ಸಾಕು ಅಂತ ಬರುತ್ತದೆ, ಆದರೆ ಅದು ಗಾಳಿಯಿಲ್ಲದ ನಿಂತ ನೀರಿಗೆ. ಕರಾವಳಿಯ ಹೊಳೆಗಳಲ್ಲಿ ಉಬ್ಬರ ಇಳಿತದ ಸೆಳೆತ ಇದೆ, ಮಧ್ಯಾಹ್ನದ ಮೇಲೆ ಗಾಳಿ ಬೇರೆ, ಹಾಗಾಗಿ 40ಕ್ಕಿಂತ ಕಡಿಮೆಯದು ಬೇಡ. 12 ವೋಲ್ಟ್‌ನಲ್ಲಿ ಸಾಮಾನ್ಯವಾಗಿ 55ರವರೆಗೆ ಸಿಗುತ್ತದೆ. ಅದರ ಮೇಲೆ ಹೋದರೆ 24 ವೋಲ್ಟ್‌ಗೆ ಎರಡು ಬ್ಯಾಟರಿ ಹೊರಬೇಕು, ಸುಮ್ನೆ ಭಾರ. ಉಪ್ಪುನೀರು ಬರುವ ಜಾಗವಾದರೆ ಉಪ್ಪುನೀರಿಗೆಂದೇ ಮಾಡಿದ ಮಾಡೆಲ್ ತಗೊಳ್ಳಿ.

ಹಿಂಬದಿಯ ಫೈಬರ್ ತೆಳುವಾಗಿದ್ದರೆ ಕ್ಲ್ಯಾಂಪ್ ಬಿಗಿ ಮಾಡಿದಲ್ಲೇ ಬಿರುಕು ಬಿಡುತ್ತದೆ. ಒಳಗೊಂದು ಹೊರಗೊಂದು ಮರೈನ್ ಪ್ಲೈವುಡ್ ತುಂಡು ಇಟ್ಟು ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ತೂತಿಗೆ ಸೀಲೆಂಟ್ ತುಂಬಿ. ಎರಡೂ ತುದಿ ಚೂಪಾಗಿರುವ ದೋಣಿಗೆ ಹಿಂಬದಿ ಹಲಗೆಯೇ ಇರುವುದಿಲ್ಲ ಅಲ್ವಾ, ಅಂಥದ್ದಕ್ಕೆ ಎರಡು ಅಂಚುಗಳ ಮೇಲೆ ಅಡ್ಡಮರ ಬಿಗಿದು, ಅದರ ತುದಿಯಲ್ಲಿ ದೋಣಿಯ ಪಕ್ಕಕ್ಕೆ ಮೋಟಾರ್ ಕೂರಿಸಬೇಕು. ಎಲ್ಲಿ ಕೂರಿಸಿದರೂ ಮೋಟಾರಿಗೊಂದು ಹಗ್ಗ ಕಟ್ಟಿ. ಸ್ಕ್ರೂ ಸಡಿಲವಾದರೂ ಮೋಟಾರ್ ತಳ ಸೇರುವುದಿಲ್ಲ.

ಆಳ ಹೊಂದಿಸುವಾಗ ನೀವು ಕೂರುವ ಜಾಗದಲ್ಲೇ ಕೂತು ನೋಡಿ, ಯಾಕೆಂದರೆ ಖಾಲಿ ದೋಣಿಯ ಹಿಂಬದಿ ಮೇಲೆದ್ದಿರುತ್ತದೆ. ಫ್ಯಾನಿನ ಮೇಲಂಚು ನೀರಿನಿಂದ ಒಂದಡಿ ಕೆಳಗಿರಲಿ. ಮೇಲಾದರೆ ಗಾಳಿ ಎಳೆದುಕೊಂಡು ಸದ್ದು ಮಾಡುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಈಗ ವೈರ್. ಜನ ಉಳಿತಾಯ ಮಾಡುವುದು ಇಲ್ಲೇ, ಮಾಡಬಾರದ್ದೂ ಇಲ್ಲೇ. 55 ಪೌಂಡ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪ್ ಎಳೆಯುತ್ತದೆ. ತೂಕ ಸರಿದೂಗಲಿ ಅಂತ ಬ್ಯಾಟರಿಯನ್ನು ಮುಂದೆ ಇಟ್ಟರೆ ವೈರ್ 5 ಮೀಟರ್ ಆಗುತ್ತದೆ. ಅಷ್ಟು ದೂರಕ್ಕೆ 6 ಚದರ ಮಿ.ಮೀ. ತಾಮ್ರದ ವೈರ್ ಹಾಕಿದರೆ, ಹೋಗಿ ಬರುವ ದಾರಿಯಲ್ಲೇ 1.4 ವೋಲ್ಟ್ ಸೋರುತ್ತದೆ. 16 ಚದರ ಮಿ.ಮೀ. ಆದರೆ ಅರ್ಧ ವೋಲ್ಟ್ ಅಷ್ಟೇ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ 60 ಆಂಪ್ ಡಿಸಿ ಬ್ರೇಕರ್ ಇರಲಿ. ಮನೆಯ ಎಸಿ ಎಂಸಿಬಿ ಇದಕ್ಕೆ ಆಗುವುದಿಲ್ಲ.

ಕಾರಿನ ಬ್ಯಾಟರಿ ಬೇಡ, ಡೀಪ್ ಸೈಕಲ್ ಬೇಕು, ಅಂದರೆ ತುಂಬಾ ಹೊತ್ತು ಕರೆಂಟ್ ಕೊಟ್ಟು ಮತ್ತೆ ಮತ್ತೆ ಚಾರ್ಜ್ ಆಗುವಂಥದ್ದು. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ನಡೆಯುತ್ತದೆ, ಆದರೆ ದೋಣಿ ಓಲಾಡಿದರೆ ಆ್ಯಸಿಡ್ ಚೆಲ್ಲುತ್ತದೆ, ತೂಕವೂ ಜಾಸ್ತಿ. ಲೆಡ್ ಆ್ಯಸಿಡ್‌ನಲ್ಲಿ ಅರ್ಧ ಚಾರ್ಜ್ ಮಾತ್ರ ಬಳಸಬೇಕು, ಅಂದರೆ 100 ಆಂಪ್ ಅವರ್ ಬ್ಯಾಟರಿಗೆ ಪೂರ್ತಿ ವೇಗದಲ್ಲಿ ಒಂದು ಗಂಟೆಯೂ ಬರುವುದಿಲ್ಲ. ದುಡ್ಡಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ, ತೂಕ ಅರ್ಧಕ್ಕಿಂತ ಕಡಿಮೆ. ಯಾವುದಾದರೂ ಸರಿ, ಡಬ್ಬಿಯಲ್ಲಿಟ್ಟು ಬೆಲ್ಟ್ ಹಾಕಿ ಕಟ್ಟಿ.

ಮೊದಲ ಸಲ ದಡದ ಹತ್ತಿರವೇ ಓಡಿಸಿ, ಹತ್ತು ನಿಮಿಷ ಬಿಟ್ಟು ವೈರ್ ಜೋಡಣೆಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಆ ಜಾಗ ಸಡಿಲ ಇದೆ. ಇಳಿತದ ಹೊತ್ತಲ್ಲಿ ಅಳಿವೆ ಕಡೆ ಹೋಗಲೇಬೇಡಿ, ಆ ಸೆಳೆತಕ್ಕೆ ಈ ಮೋಟಾರ್ ಸಾಲದು. ಹುಟ್ಟು ದೋಣಿಯಲ್ಲೇ ಇರಲಿ. ಮನೆಗೆ ಬಂದಮೇಲೆ ಸಿಹಿನೀರಲ್ಲಿ ತೊಳೆಯಿರಿ, ಆಗಾಗ ಫ್ಯಾನ್ ಬಿಚ್ಚಿ ಹಿಂದೆ ನೋಡಿ. ಅಲ್ಲಿ ಸುತ್ತಿಕೊಂಡ ನೈಲಾನ್ ದಾರ ಸೀಲನ್ನು ಕೊರೆದರೆ ಮೋಟಾರಿನೊಳಗೆ ನೀರು ಹೋಗುತ್ತದೆ.