ಅಡಿಕೆ ಹಾಳೆಯಲ್ಲಿ ಚಿಪ್ಪಣಬೆ, ಮೆಣಸಿನ ಬುಡಕ್ಕೆ ಹಸಿರು ಬೂಷ್ಟು: ನನ್ನ ಅನುಭವ

ಅಡಿಕೆ ಹಾಳೆಯಲ್ಲಿ ಚಿಪ್ಪಣಬೆ ಬರುವುದಿಲ್ಲ ಎಂದು ನನಗೆ ಬುದ್ಧಿ ಹೇಳದವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಲ್ಲಿ ಯಾರೂ ಉಳಿದಿಲ್ಲ. ಬರುತ್ತದೆ. ಎರಡು ಮಳೆಗಾಲ ಬೆಳೆದು, ಮಾರಿ, ದುಡ್ಡು ಎಣಿಸಿದ ಮೇಲೆಯೇ ಬರೆಯುತ್ತಿದ್ದೇನೆ. ಜನ ಇನ್ನೂ ಹೆಚ್ಚು ನಕ್ಕದ್ದು ಬೇರೊಂದು ವಿಷಯಕ್ಕೆ. ಅದೇ ಜಾಗದಲ್ಲಿ ಕಾಳುಮೆಣಸಿನ ಬುಡದ ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಗೊಬ್ಬರವನ್ನೂ ಮಾಡುತ್ತೇನೆ ಎಂದಿದ್ದೆ. ಬೆಡ್, ಎಂದರೆ ಅಣಬೆ ಬೀಜ ಹಾಕಿ ಕವರಿನಲ್ಲಿ ಕಟ್ಟಿಡುವ ಗಂಟು, ಮಾಡಿದವರಿಗೆ ಗೊತ್ತು, ಟ್ರೈಕೋಡರ್ಮಾ ಎಂದರೆ ನಮ್ಮ ಹಸಿರು ಬೂಷ್ಟಿನ ಕುಲವೇ. ಮೆಣಸಿನ ಬುಡಕ್ಕೆ ದುಡ್ಡು ಕೊಟ್ಟು ತರುವ ಅದೇ ಸೈನ್ಯ ಅಣಬೆ ಕೋಣೆಗೆ ಹೊಕ್ಕರೆ ಬೆಡ್ ಎತ್ತಿ ಎಸೆಯುವುದೇ. ‘ನಿನ್ನದೆಂತ ಮಾರಾಯ, ಕೋಳಿಗೂಡಿನ ಬುಡದಲ್ಲಿ ನರಿ ಸಾಕುವ ಲೆಕ್ಕವಾ?’ ಎಂದು ನಮ್ಮ ಭಾವ ಕೇಳಿದ್ದರು.

ಬೈಹುಲ್ಲಿನಲ್ಲಿ ಮಾಡಬಹುದಿತ್ತು. ಆದರೆ ನಮ್ಮಲ್ಲಿ ಗದ್ದೆ ಎಲ್ಲಿದೆ? ಇದ್ದದ್ದೆಲ್ಲ ತೋಟವಾಗಿ ಹೋಗಿದೆ. ಬೈಹುಲ್ಲು ಲಾರಿಯಲ್ಲಿ ಬರಬೇಕು, ಮಳೆಗಾಲಕ್ಕೆ ಮುಂಚೆ ಬರಬೇಕು, ದನಗಳಿಗೆ ಮಿಕ್ಕಿ ಉಳಿಯಬೇಕು. ಅಡಿಕೆ ಮರವೋ, ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ, ಒಂದೊಂದರ ಬುಡದಲ್ಲೂ ಒಂದು ಹಾಳೆ. ಸಾವಿರ ಮರವಿದ್ದರೆ ಆರೇಳು ಸಾವಿರ ಹಾಳೆ. ತಟ್ಟೆ ಮಾಡುವವರು ಅಗಲದ್ದನ್ನು ಆರಿಸಿ ಒಯ್ಯುತ್ತಾರೆ, ಸ್ವಲ್ಪ ಹಟ್ಟಿಗೆ ಹೋಗುತ್ತದೆ, ಉಳಿದದ್ದು ಗೆದ್ದಲಿಗೆ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ತ್ಯಾಜ್ಯದ ಮೇಲೆ ಚಿಪ್ಪಣಬೆ ಬೆಳೆಸಿ ತೋರಿಸಿದ್ದು ನನ್ನ ತಲೆಯಲ್ಲಿತ್ತು. ಮಡಲಿನಲ್ಲಿ ಬಂದದ್ದು ಹಾಳೆಯಲ್ಲಿ ಯಾಕೆ ಬರಬಾರದು ಎಂದು ಹೊರಟೆ.

ಮೊದಲ ಸಲದ ಬೆಡ್‌ಗಳಲ್ಲಿ ಅಣಬೆಯ ಬಿಳಿ ಎಳೆ ಅಲ್ಲಲ್ಲಿ ಹಿಡಿಯಿತು, ಅಲ್ಲಲ್ಲಿ ನಿಂತೇ ಹೋಯಿತು. ಬೀಜದ ದೋಷವೆಂದು ಬೇರೆ ಕಡೆಯ ಬೀಜ ತಂದರೂ ಅಷ್ಟೇ. ಮತ್ತೆ ಕವರ್ ಬಿಚ್ಚಿ ತುಂಡುಗಳನ್ನು ಅಂಗಳದಲ್ಲಿ ಹರಡಿ ನೋಡಿದರೆ, ಎಳೆ ಓಡದ ತುಂಡುಗಳಲ್ಲೆಲ್ಲ ತಿಳಿ ನೀಲಿ ಕಲೆ. ಬೋರ್ಡೋ! ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬಿಡುವ ತಾಮ್ರದ ಮದ್ದು. ಮೈಸೂರು ಸೀಮೆಯಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಕೊಳೆರೋಗದ ಬೆನ್ನು ಹತ್ತಿದ 1910ರ ಸುಮಾರಿನಿಂದಲೂ ಅಡಿಕೆಯವರಿಗೆ ಗತಿ ಇದೇ: ಕಿಲೋ ಮೈಲುತುತ್ತು, ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗೆ ತೊಳೆದು ಹೋಗದ ಹಾಗೆ ರಾಳ ಬೇರೆ ಸೇರಿಸುತ್ತೇವಲ್ಲ. ಗೊನೆಗೆ ಬಿಟ್ಟ ಮದ್ದು ಮೇಲಿನ ಹಾಳೆಗೂ ಅಂಟುತ್ತದೆ. ಕೊಳೆರೋಗದ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿ ಕಡೆಯ ನೆಂಟ ಎಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ತಾಮ್ರಕ್ಕೆ ಆ ನೆಂಟಸ್ತಿಕೆಯ ವಿಚಾರವೇನೂ ಇಲ್ಲ, ಅದಕ್ಕೂ ಅಣಬೆಗೂ ವಿಷವೇ. ಈಗ ಮಳೆಗಾಲದಲ್ಲಿ ಬಿದ್ದ ಹಾಳೆಯನ್ನು ನಾನು ಮುಟ್ಟುವುದಿಲ್ಲ. ಜನವರಿಯಿಂದ ಮೇ ತನಕ ಬಿದ್ದದ್ದನ್ನು ಬಿಸಿಲಲ್ಲಿ ಒಣಗಿಸಿ ಅಟ್ಟಕ್ಕೆ ಹಾಕುವುದು, ಅದರಲ್ಲೂ ನೀಲಿ ಕಂಡರೆ ಬಚ್ಚಲ ಒಲೆಗೆ. ಜನ ತಿನ್ನುವ ವಸ್ತು, ಅದರಲ್ಲಿ ಚೌಕಾಶಿ ಬೇಡ.

ಎರಡನೆಯ ತೊಂದರೆ ಹಾಳೆಯ ಹೊರಮೈಯ ಮೇಣ. ಬೈಹುಲ್ಲಿನ ಹಾಗೆ ಒಂದು ರಾತ್ರಿ ನೆನೆಸಿದರೆ ಹಾಳೆ ಒಳಗೆ ಒಣಗಿಯೇ ಇರುತ್ತದೆ. ಕತ್ತಿಯಲ್ಲಿ ಕೊಚ್ಚಿಸಿ ನೋಡಿದೆ, ಆಳಿನ ಸಂಬಳವೇ ಅಣಬೆಯ ಕ್ರಯವನ್ನು ನುಂಗಿತು. ಹಳೆಯ ಮೇವು ಕತ್ತರಿಸುವ ಯಂತ್ರವೊಂದನ್ನು ಇಪ್ಪತ್ತೈದು ಸಾವಿರ ಚಿಲ್ಲರೆಗೆ ತಂದೆ, ಬ್ಲೇಡ್ ಬದಲಿಸಿದ್ದಕ್ಕೆ ಇನ್ನೊಂದು ಮೂರು ಸಾವಿರ. ಒಂದೂವರೆ ಇಂಚಿನ ತುಂಡು ಸರಿ. ಅದಕ್ಕಿಂತ ಸಣ್ಣದಾದರೆ ಬೆಡ್ ಗಟ್ಟಿಯಾಗಿ ಗಾಳಿ ಆಡುವುದಿಲ್ಲ. ನೆನೆಸುವುದು ಎರಡು ರಾತ್ರಿ, ಸುಣ್ಣದ ನೀರಿನಲ್ಲಿ. ಎಷ್ಟು ಸುಣ್ಣ, ನಡುವೆ ನೀರು ಯಾವಾಗ ಬದಲಿಸುವುದು ಎಂಬುದು ನನ್ನಲ್ಲೇ ಇರಲಿ. ಎರಡು ವರ್ಷ ಹಾಳು ಮಾಡಿಕೊಂಡು ಕಲಿತದ್ದನ್ನು ಪುಕ್ಕಟೆ ಕೊಡುವಷ್ಟು ಉದಾರಿಯಲ್ಲ. ಆಮೇಲೆ ಹಂಡೆಯಲ್ಲಿ ಬೇಯಿಸುವುದು, ಸೋಸಿ ಆರಿಸುವುದು, ಹಿಂಡಿದರೆ ನೀರು ತೊಟ್ಟಿಕ್ಕದ ಹದಕ್ಕೆ ಬೀಜ ಹಾಕುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ. ಸೌದೆ ಖರ್ಚಿಲ್ಲ, ಅಡಿಕೆ ಸಿಪ್ಪೆ ಇದೆ.

ಇನ್ನು ಹಸಿರು ಬೂಷ್ಟಿನ ಕತೆ. ಹಟ್ಟಿಯ ಹಿಂದೆ ಹಟ್ಟಿಗೊಬ್ಬರ, ಬೇವಿನ ಹಿಂಡಿ ಹತ್ತಕ್ಕೆ ಒಂದರ ಲೆಕ್ಕದಲ್ಲಿ ಬೆರೆಸಿ, ಟ್ರೈಕೋಡರ್ಮಾ ಹಾಕಿ, ಒದ್ದೆ ಗೋಣಿ ಮುಚ್ಚಿ ಇಟ್ಟಿದ್ದೆ. ಹದಿನೈದು ದಿನಕ್ಕೆ ರಾಶಿಯ ಮೇಲೆ ಚಂದದ ಹಸಿರು. ಅಣಬೆ ಕೋಣೆ ಅಲ್ಲಿಂದ ಮೂವತ್ತು ಹೆಜ್ಜೆ. ರಾಶಿಯನ್ನು ಮಗುಚಿ ಹಾಕಿದ ವಾರದಲ್ಲಿ ಕಟ್ಟಿದ ಬೆಡ್‌ಗಳು ಮುಕ್ಕಾಲು ಪಾಲು ಹಸಿರಾದವು. ಬೀಜ, ಕವರ್, ಕೂಲಿ ಸೇರಿ ನಾಲ್ಕೈದು ಸಾವಿರ ತಿಪ್ಪೆಗೆ. ನಮ್ಮ ಅಣಬೆಯ ಎಳೆಗಳನ್ನು ಟ್ರೈಕೋಡರ್ಮಾ ಸುತ್ತಿಕೊಂಡು ತಿನ್ನುತ್ತದೆ. ಮಣ್ಣಿನಲ್ಲಿ ರೋಗದ ಶಿಲೀಂಧ್ರಗಳಿಗೆ ಮಾಡುವುದೂ ಅದನ್ನೇ. ತನ್ನ ಕೆಲಸ ತಾನು ಮಾಡಿತು, ಬೈದು ಪ್ರಯೋಜನವಿಲ್ಲ.

ಗೆಳೆಯರೆಲ್ಲ ಒಂದನ್ನು ಬಿಡು ಎಂದರು. ನಾನು ಬಿಡಲಿಲ್ಲ, ಕ್ರಮ ಬದಲಿಸಿದೆ. ಟ್ರೈಕೋಡರ್ಮಾ ರಾಶಿ ತೋಡಿನ (ಸಣ್ಣ ಹಳ್ಳದ) ಆಚೆ ಬದಿಗೆ ಹೋಯಿತು, ಗಾಳಿ ಮನೆ ಕಡೆಗೆ ಬೀಸದ ಜಾಗ ನೋಡಿ. ಬೆಳಗ್ಗೆ ಮೊದಲು ಅಣಬೆ ಕೆಲಸ, ಊಟದ ನಂತರ ತೋಟ. ತೋಟಕ್ಕೆ ಹೋದ ಮೇಲೆ ಆ ದಿನ ಅಣಬೆ ಕೋಣೆಗೆ ಕಾಲಿಡುವಂತಿಲ್ಲ, ಇಡಲೇಬೇಕೆಂದರೆ ಸ್ನಾನ. ಅಜ್ಜಿಯ ಮಡಿ ನೆನಪಾಯಿತು ಎಂದು ಅಮ್ಮ ನಕ್ಕರು. ಸುಣ್ಣದ ನೀರಿಗೂ ಇಲ್ಲಿ ಪಾಲಿದೆ. ಹಸಿರು ಬೂಷ್ಟಿಗೆ ಹುಳಿ ಇಷ್ಟ, ಚಿಪ್ಪಣಬೆ ಸ್ವಲ್ಪ ಕ್ಷಾರವನ್ನು ತಡೆದುಕೊಳ್ಳುತ್ತದೆ. ಹೀಗೆ ಮಾಡಿದ ಮೇಲೆ ನೂರು ಬೆಡ್‌ನಲ್ಲಿ ಏಳೆಂಟು ಹೋಗುತ್ತವೆ. ಬೈಹುಲ್ಲಿನವರಿಗೂ ಅಷ್ಟು ಹೋಗುತ್ತದೆ, ಕೇಳಿ ನೋಡಿ.

ಬೇಸಗೆಯಲ್ಲಿ ಏನು ಮಾಡುವುದು ಎಂಬ ಚಿಂತೆಗೆ ನೀರಿಗೆಂದು ನಮ್ಮ ಗುಡ್ಡೆಗೆ ಅಡ್ಡಕ್ಕೆ ಕೊರೆದು, ಈಗ ಬತ್ತಿದ ಸುರಂಗ ಕಣ್ಣಿಗೆ ಬಿತ್ತು. ಹೊರಗೆ 35 ಡಿಗ್ರಿ ಇದ್ದರೂ ಒಳಗೆ ತಂಪು, ತೇವ ಬೇಕಾದಷ್ಟು. ಬಾಯಿಯಿಂದ ಹತ್ತಡಿ ಒಳಗೆ ಬೆಡ್ ಸಾಲಾಗಿ ಇಟ್ಟೆ. ಅಣಬೆ ಬಂತು, ನೋಡಿದರೆ ಗೇಣುದ್ದ ತೊಟ್ಟು, ತುದಿಯಲ್ಲಿ ಗುಂಡಿಯಷ್ಟು ಟೋಪಿ. ಗಾಳಿ ಓಡಾಡದ ಜಾಗದಲ್ಲಿ ಬೆಡ್ ಬಿಡುವ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಂತರೆ ಹಾಗಾಗುತ್ತದೆ. ಅಂಥ ಕಡೆ ನಾವೂ ತುಂಬ ಹೊತ್ತು ನಿಲ್ಲಬಾರದು, ಇನ್ನೂ ಒಳಗೆ ಹೋಗುವ ಸಾಹಸವಂತೂ ಬೇಡ. ಆದರೆ ಎಳೆ ಓಡುವ ಮೊದಲ ಎರಡು ಮೂರು ವಾರ ಗಾಳಿ ಕಡಿಮೆ ಸಾಕಲ್ಲ? ಆ ಹಂತಕ್ಕೆ ಮಾತ್ರ ಸುರಂಗದ ಬಾಯಿ, ಆಮೇಲೆ ಸೋಗೆಯ ಚಪ್ಪರ. ಏಪ್ರಿಲ್ ಮಧ್ಯದ ತನಕ ಹೀಗೆ ನೂಕಿದ್ದೇನೆ. ಬಾವಲಿಗಳ ಸಿಟ್ಟು ಇನ್ನೂ ಇಳಿದಿಲ್ಲ.

ಅಡಿಕೆ ಸಿಪ್ಪೆಯಲ್ಲಿ ಮಾಡಿದ್ದು ತೀರಾ ನಿಧಾನ. ರಬ್ಬರ್ ಮರದ ಪುಡಿ ಒಳ್ಳೆಯದೇ, ಆದರೆ ಬೇಯಿಸಿದರೆ ಸಾಲದು, ಹಬೆಯಲ್ಲಿ ಚೆನ್ನಾಗಿ ಇಡಬೇಕು. ಹಾಳೆಗೆ ಕಾಲು ಭಾಗ ಬೈಹುಲ್ಲು ಬೆರೆಸಿದ್ದೇ ಎಲ್ಲಕ್ಕಿಂತ ಲಾಭ. ಕಲ್ಲಣಬೆ ಬೆಳೆಸು ಎಂದು ಪ್ರತಿ ಜೂನ್‌ನಲ್ಲಿ ಯಾರಾದರೊಬ್ಬರು ಸಲಹೆ ಕೊಡುತ್ತಾರೆ. ಮಾರಾಯ್ರೆ, ಅದು ಕಾಡುಮರದ ಬೇರಿನ ಜೊತೆ ಕೊಟ್ಟುಕೊಂಡು ಬದುಕುವ ಜಾತಿ, ಕವರಿನಲ್ಲಿ ಬರುವುದಿಲ್ಲ.

ದುಡ್ಡಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಒಣ ತೂಕ ಒಂದು ಕಿಲೋದ ಬೆಡ್‌ಗೆ ಮೂರು ಕೊಯ್ಲು ಸೇರಿ ಆರುನೂರು ಗ್ರಾಂ ಆಸುಪಾಸು. ಬೈಹುಲ್ಲಿನಲ್ಲಿ ಇನ್ನೊಂದು ನೂರು ಹೆಚ್ಚು ಸಿಗಬಹುದು, ಆದರೆ ಹುಲ್ಲಿಗೆ ಕೊಟ್ಟ ದುಡ್ಡು ಕಳೆದು ಹೇಳಿ. ಬೀಜ, ಕವರ್, ಕರೆಂಟು, ಅರ್ಧ ಆಳು ಎಲ್ಲ ಸೇರಿ ಬೆಡ್‌ಗೆ ಐವತ್ತರಿಂದ ಅರುವತ್ತು ರೂಪಾಯಿ. ಅಂಗಡಿಗೆ ಕೊಟ್ಟರೆ ಕಿಲೋಗೆ 220, 230. ಕಾಸರಗೋಡು ಪೇಟೆಯ ಮನೆಗಳಿಗೆ ನಾನೇ ಮುಟ್ಟಿಸಿದರೆ 300 ದಾಟುತ್ತದೆ. ಪೇಟೆಯಲ್ಲಿ ‘ಕೂಣ್ ಉಂಡೋ’ (ಅಣಬೆ ಉಂಟಾ) ಎಂದು ಮಲಯಾಳದಲ್ಲಿ ಫೋನ್ ಮಾಡಿ ಕೇಳುವ ಗಿರಾಕಿಗಳೇ ನನ್ನನ್ನು ಉಳಿಸಿದ್ದು. ನಮ್ಮ ಮನೆಯಲ್ಲಿ ಅಣಬೆ ತಿನ್ನುವ ಕ್ರಮವಿಲ್ಲ, ರುಚಿ ಕೇಳಬೇಡಿ. ಓಣಂ ಮುಂಚಿನ ವಾರ ಎಷ್ಟಿದ್ದರೂ ಸಾಲದು. ಶಬರಿಮಲೆ ವ್ರತದ ದಿನಗಳಲ್ಲಿ ಮೀನು, ಕೋಳಿ ಬಿಟ್ಟವರು ನನ್ನ ಕಡೆಗೆ ತಿರುಗುತ್ತಾರೆ, ನವೆಂಬರ್‌ನ ಬೆಡ್‌ಗಳನ್ನು ಅದಕ್ಕೆಂದೇ ಹೆಚ್ಚು ಕಟ್ಟುತ್ತೇನೆ.

ಒಂದು ಎಚ್ಚರಿಕೆ. ಎರಡನೆಯ ವರ್ಷ ಮನೆಯಾಕೆಗೆ ರಾತ್ರಿ ಕೆಮ್ಮು, ಮೈ ಬಿಸಿ. ಶೀತವೆಂದು ಕಷಾಯ ಕುಡಿದದ್ದಾಯಿತು. ಕೊಯ್ಲಿನ ದಿನವೇ ಹೆಚ್ಚಾಗುತ್ತಿದೆ ಎಂದು ಅವಳೇ ಕಂಡುಹಿಡಿದಳು. ಚಿಪ್ಪಣಬೆ ಉದುರಿಸುವ ಬೀಜಾಣು ಲೆಕ್ಕವಿಲ್ಲದಷ್ಟು, ಶ್ವಾಸಕೋಶಕ್ಕೆ ಆಗದು. ಟೋಪಿಯ ಅಂಚು ಒಳಗೆ ಬಾಗಿರುವಾಗಲೇ ಕೊಯ್ಯಿರಿ, ತೂಕ ಸ್ವಲ್ಪ ಕಡಿಮೆಯಾದರೂ ಆಗಲಿ. ಮೊದಲು ಕಿಟಕಿ ತೆರೆದಿಟ್ಟು, ಒಳ್ಳೆಯ ಮಾಸ್ಕ್ ಕಟ್ಟಿ ಒಳಗೆ ಹೋಗಿ. ಬೈರಾಸು (ಟವೆಲು) ಕಟ್ಟಿದರೆ ಸಾಲುವುದಿಲ್ಲ.

ಮುಗಿದ ಬೆಡ್‌ಗಳು ಕವರ್ ಬಿಚ್ಚಿಸಿಕೊಂಡು ತೋಡು ದಾಟುತ್ತವೆ. ಅರ್ಧ ಜೀರ್ಣವಾದ ಆ ಹಾಳೆಯನ್ನು ಗೊಬ್ಬರದ ರಾಶಿಗೆ ಸೇರಿಸಿದರೆ ಟ್ರೈಕೋಡರ್ಮಾ ಬರೇ ಹಟ್ಟಿಗೊಬ್ಬರದಲ್ಲಿ ಬರುವುದಕ್ಕಿಂತ ಬೇಗ ಹಬ್ಬುತ್ತದೆ. ದಾರಿ ಒಮ್ಮುಖ, ಆಚೆಯಿಂದ ಈಚೆಗೆ ಖಾಲಿ ಬುಟ್ಟಿ ಕೂಡ ಬರುವಂತಿಲ್ಲ. ಮುಂಗಾರು ಹಿಡಿದ ಕೂಡಲೇ ಮೆಣಸಿನ ಬುಡಕ್ಕೆ ಒಂದು ಬುಟ್ಟಿ, ಆಗಸ್ಟ್ ಕೊನೆಗೆ ಇನ್ನೊಂದು. ಆ ಬುಡಗಳಿಗೆ ತಾಮ್ರ ಸುರಿಯುವುದಿಲ್ಲ. ಬಳ್ಳಿಗೆ ಮದ್ದು ಬೇಕೇ ಆದರೆ ಪೊಟ್ಯಾಸಿಯಂ ಫಾಸ್ಫೊನೇಟ್, ಅದು ಟ್ರೈಕೋಡರ್ಮಾವನ್ನು ಕೊಲ್ಲುವುದಿಲ್ಲ. ಮುಂಚೆ ಮಳೆಗಾಲ ಮುಗಿಯುವಾಗ ಸೊರಗು ರೋಗಕ್ಕೆ ಐದರಲ್ಲೊಂದು ಬಳ್ಳಿ ಹೋಗುತ್ತಿತ್ತು, ಈಗ ಇಪ್ಪತ್ತರಲ್ಲೊಂದು ಹೋದರೆ ಹೆಚ್ಚು. ತೋಡಿನ ತಗ್ಗಿನ ಬಳ್ಳಿಗಳು ಮಾತ್ರ ಈಗಲೂ ಸಾಯುತ್ತವೆ, ಅಲ್ಲಿ ನೀರು ನಿಲ್ಲುತ್ತದೆ. ಈ ಬೇಸಗೆಯಲ್ಲಿ ನೀರು ಹೋಗುವ ಕಣಿ ಆಳ ಮಾಡಿಸಬೇಕು, ಜೆಸಿಬಿಯವನು ಗಂಟೆಗೆ ಎಷ್ಟು ಹೇಳುತ್ತಾನೋ ನೋಡಬೇಕು.