ಚಳಿಗೆ ಹಿಡಿಯದ ಡೀಸೆಲ್ ಟೆಂಪೊ: ಎಂಜಿನ್ ಇಳಿಸದೆ ಸರಿಪಡಿಸಿದ ಅನುಭವ

ನನ್ನ ಟೆಂಪೊದ ಪಿಸ್ಟನ್ ರಿಂಗ್‌ಗಳು ಸವೆದಿವೆ, ಎಂಜಿನ್ ಇಳಿಸದೆ ಗತಿಯಿಲ್ಲವೆಂದು ಪುಣೆ ಬಳಿಯ ಭೋಸರಿಯ ಇಬ್ಬರು ಮೇಸ್ತ್ರಿಗಳು ತೀರ್ಪು ಕೊಟ್ಟು, ಸುಮಾರು 45,000 ರೂಪಾಯಿಯ ಅಂದಾಜನ್ನೂ ಹೇಳಿದ್ದರು. ನಾನು ಒಪ್ಪಲಿಲ್ಲ, ಏಕೆಂದರೆ ಮಧ್ಯಾಹ್ನ ಒಂದೇ ಸೆಲ್ಫ್ ಸ್ಟಾರ್ಟಿಗೆ ಹಿಡಿಯುವ ಗಾಡಿ, ನಾರಾಯಣಗಾಂವ್‌ನಲ್ಲಿ ಟೊಮೆಟೊ ತುಂಬಿಕೊಂಡು ರಾತ್ರಿ ಬಯಲಿನಲ್ಲಿ ನಿಂತರೆ ಮಾತ್ರ ನಸುಕಿಗೆ ಬಿಳಿ ಹೊಗೆ ಉಗುಳಿ ಸುಮ್ಮನಾಗುತ್ತಿತ್ತು. ಜನವರಿಯಲ್ಲಿ ಈ ಭಾಗದ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಹೊಸತೇನಲ್ಲ. ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ತಡವಾಗಿ ಮುಟ್ಟಿದ ಮಾಲಿಗೆ ಸಿಗುವ ದರ ಎಂಥದೆಂದು ಈ ಬಾಡಿಗೆ ಮಾಡುವವರಿಗೆ ಹೇಳಬೇಕಾಗಿಲ್ಲ.

ಮೊದಲು ಹೊಸ ಬ್ಯಾಟರಿಗೆ ಏಳು ಸಾವಿರದಷ್ಟು ಹೋಯಿತು. ಸೆಲ್ಫ್ ಜೋರಾಗಿ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ನಾನಾ ಪೇಠದಿಂದ ತಂದ ನಾಲ್ಕು ಹೀಟರ್ ಪ್ಲಗ್‌ಗಳಿಗೆ (ಸ್ಟಾರ್ಟಿಗೆ ಮುನ್ನ ಡೀಸೆಲ್ ಉರಿಯುವ ದಹನಕೋಣೆಯನ್ನು ಕಾಯಿಸುವ ಕಡ್ಡಿಗಳು) ಮತ್ತೆ ಸಾವಿರದ ಆರುನೂರರಷ್ಟು ಬಿತ್ತು, ಫಲ ಅಷ್ಟಕ್ಕಷ್ಟೆ. ರಾತ್ರಿಯಿಡೀ ಆಯಿಲ್ ಚೇಂಬರಿನ ಕೆಳಗೆ ನೂರು ವ್ಯಾಟಿನ ಬಲ್ಬ್ ಉರಿಸಿಯೂ ನೋಡಿದೆ. ಆಯಿಲ್ ಉಗುರುಬೆಚ್ಚಗಾಯಿತು, ಆದರೆ ಅದರಿಂದ ದಹನಕೋಣೆ ಕಾಯುವುದಿಲ್ಲ. ಗಾಳಿಯ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ ಉಪಾಯವನ್ನು ಸಲಹೆ ಮಾಡಿದವರಿಗೆ, ಹೀಟರ್ ಕೆಂಪಗೆ ಕಾದಿರುವ ಎಂಜಿನ್ನಿಗೆ ಅದನ್ನು ಮಾಡಬೇಡಿರೆಂದು ನಾನೇ ತಿರುಗಿ ಹೇಳಿದೆ.

ಕೊನೆಗೆ ಮಲ್ಟಿಮೀಟರ್ ಹಿಡಿದು, ಹೀಟರ್ ಚಾಲೂ ಇರುವಾಗಲೇ ಅಳೆದೆ. ಬ್ಯಾಟರಿಯ ಬಳಿ ಹನ್ನೆರಡಕ್ಕೆ ತುಸು ಕಡಿಮೆಯಿದ್ದ ವೋಲ್ಟೇಜು ಪ್ಲಗ್‌ಗಳ ಪಟ್ಟಿಯಲ್ಲಿ ಎಂಟೂವರೆಗೆ ಇಳಿದಿತ್ತು. ಶಾಖವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಪ್ಲಗ್‌ಗಳಿಗೆ ಸಿಗುತ್ತಿದ್ದುದು ಅರ್ಧದಷ್ಟು ಕಾವು ಮಾತ್ರ. ಟೆಸ್ಟ್ ಲ್ಯಾಂಪ್ ಇದನ್ನು ತೋರಿಸುವುದಿಲ್ಲ. ಎಂಟು ವೋಲ್ಟಿಗೂ ಅದು ಉರಿಯುತ್ತದೆ. ಹೀಟರಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇಯ ಪಾಯಿಂಟ್ ಸುಟ್ಟಿತ್ತು, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಹಸಿರುಗಟ್ಟಿತ್ತು. ಹೊಸ ರಿಲೇ, ಹದಿನಾರು ಚದರ ಮಿಲಿಮೀಟರಿನ ತಾಮ್ರದ ಕೇಬಲ್, ನಡುವೆ ಫ್ಯೂಸ್ ಮತ್ತು ಹೊಸ ಅರ್ಥ್ ಪಟ್ಟಿ, ಎಲ್ಲ ಸೇರಿ ಸಾವಿರದ ಒಳಗೇ ಮುಗಿಯಿತು. ಜೊತೆಗೆ 20ಡಬ್ಲ್ಯೂ-40 ಬಿಟ್ಟು ಚಳಿಯಲ್ಲಿ ಸಲೀಸಾಗಿ ಹರಿಯುವ 15ಡಬ್ಲ್ಯೂ-40 ಆಯಿಲ್ ಹಾಕಿದೆ.

ಈಗ ಹೀಟರನ್ನು ಎರಡು ಬಾರಿ ಕೊಟ್ಟು ಸೆಲ್ಫ್ ಹೊಡೆದರೆ ಗಾಡಿ ಹಿಡಿಯುತ್ತದೆ. ಆ ಎರಡರ ನಡುವೆ ನಾನು ಮಾಡುವ ಒಂದು ಸಣ್ಣ ಕೆಲಸವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಂಜಿನ್ ಇಳಿಸಲೊಪ್ಪದ ನನ್ನನ್ನು ನೋಡಿ ನಕ್ಕಿದ್ದ ಗಾಡಿಯವರಲ್ಲಿ ಒಬ್ಬರು ತಮ್ಮ ಗಾಡಿಗೂ ಕೇಬಲ್ ಹಾಕಿಸಿಕೊಂಡರು, ಸರಿಹೋಯಿತು. ಇನ್ನೊಬ್ಬರ ಗಾಡಿ ಮಾತ್ರ ಮಧ್ಯಾಹ್ನವೂ ತಡವರಿಸುತ್ತಿತ್ತು; ಅದರ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ನೋಡಿಸಿರೆಂದು ಹೇಳಿ, ಅವರು ಕೊಡಬಂದ ಹಣವನ್ನು ಮುಟ್ಟದೆ ಕಳುಹಿಸಿದೆ.